ಅಮ್ಮನ ಕಣ್ಣಿನ ಫೋಟೋ

ಇವತ್ತು ಅಮ್ಮನ ಕಣ್ಣಿನ ಒಳಗನ್ನು ನೋಡಿದೆ. ಶುಗರ್ ಇದೆಯಲ್ಲ, ವರ್ಷಕ್ಕೊಮ್ಮೆ ರೆಟಿನಾ, ಅಂದರೆ ಕಣ್ಣಿನ ಒಳಗೆ ಹಿಂದಿರುವ ಪರದೆ, ತೋರಿಸಲೇಬೇಕು ಅಂತ ಕರೆದುಕೊಂಡು ಹೋಗಿದ್ದೆ. ಡ್ರಾಪ್ಸ್ ಹಾಕಿ ಅರ್ಧ ಗಂಟೆ ಕೂರಿಸಿದರು, ಆಮೇಲೆ ಗದ್ದ ಊರಿಸಿ ಒಂದು ಫ್ಲ್ಯಾಶ್, ಅಷ್ಟೇ. ಸ್ಕ್ರೀನ್ ಮೇಲೆ ಕಿತ್ತಳೆ ಬಣ್ಣದ ದುಂಡು, ಒಂದು ಪಕ್ಕದಲ್ಲಿ ಹಳದಿ ಬೊಟ್ಟು, ಅಲ್ಲಿಂದ ಮರದ ಬೇರಿನ ಹಾಗೆ ಹರಡಿದ ರಕ್ತನಾಳಗಳು. ಬಿಪಿ ತುಂಬಾ ದಿನ ಜಾಸ್ತಿ ಇದ್ದರೆ ಅಪಧಮನಿ ಸಣ್ಣಗಾಗಿ, ಅಭಿಧಮನಿಯನ್ನು ದಾಟುವ ಕಡೆ ಅದನ್ನು ಒತ್ತಿಬಿಡುತ್ತದಂತೆ, ಡಾಕ್ಟರ್ ಪೆನ್ನಿನ ತುದಿಯಲ್ಲಿ ತೋರಿಸಿದರು.

ಕೊಯ್ಯದೆ, ಚುಚ್ಚದೆ ರಕ್ತನಾಳವನ್ನು ನೇರವಾಗಿ ನೋಡಲು ಆಗುವ ಜಾಗ ಇದು. 1851ರಲ್ಲೇ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇಲ್ಲಿ ಇಣುಕಲು ಉಪಕರಣ ಮಾಡಿದ್ದರು. 2018ರಲ್ಲಿ ಗೂಗಲ್‌ನವರು ಬರೀ ಇಂಥ ಫೋಟೋದಿಂದಲೇ ವಯಸ್ಸು, ಬಿಪಿ, ಹೃದಯಕ್ಕಿರುವ ಅಪಾಯವನ್ನು ಕಂಪ್ಯೂಟರ್ ಅಂದಾಜು ಮಾಡಬಲ್ಲದು ಅಂತ ತೋರಿಸಿದರು. ನನಗೆ ಮಾತ್ರ ಆ ಹೊತ್ತಿಗೆ ಕಂಡಿದ್ದು ಅಮ್ಮನ ಫೋಟೋದಲ್ಲಿದ್ದ ಎರಡು ಸಣ್ಣ ಕೆಂಪು ಚುಕ್ಕೆ, ಶುಗರ್ ರಕ್ತನಾಳಕ್ಕೆ ತೊಂದರೆ ಕೊಡಲು ಶುರು ಮಾಡಿದ ಗುರುತು.

"ನಂಗೆ ಎಲ್ಲಾ ಚೆನ್ನಾಗೇ ಕಾಣ್ತಿದೆಯಲ್ಲೋ" ಅಂದಳು ಅಮ್ಮ. ಹೌದು, ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಫೋಟೋ ಬೇಕು. ಕಣ್ಣಲ್ಲಿ ಹೀಗಿದ್ದರೆ ಕಿಡ್ನಿಯನ್ನೂ ನೋಡಿಸಿ ಅಂದಿದ್ದಾರೆ. ನಾಳೆ ಬೆಳಿಗ್ಗೆ ಯೂರಿನ್ ಟೆಸ್ಟ್.