ಕಾರಿಲ್ಲದೆ ಒಂದು ದಿನ: ಶ್ರೀರಂಗಪಟ್ಟಣ

ಮೈಸೂರಿನ ಸುತ್ತ ಒಂದು ದಿನದಲ್ಲಿ ಹೋಗಿಬರುವ ಊರುಗಳು ಬೇಕಾದಷ್ಟಿವೆ. ಸ್ವಂತ ವಾಹನ ಇಲ್ಲದವರು ಮಾತ್ರ ಬಸ್ಸಿಳಿದ ಮೇಲೆ ಉಳಿಯುವ ದೂರವನ್ನು ಮೊದಲು ಲೆಕ್ಕ ಹಾಕಬೇಕು. ಸೋಮನಾಥಪುರದ ದೇವಾಲಯ ಅದ್ಭುತವೇ, ಆದರೆ ಸಾಮಾನ್ಯವಾಗಿ ಬನ್ನೂರಿನಲ್ಲೋ ತಿರುಮಕೂಡಲು ನರಸೀಪುರದಲ್ಲೋ ಬಸ್ಸು ಬದಲಿಸಬೇಕು. ಶಿವನಸಮುದ್ರದಲ್ಲಿ ಗಗನಚುಕ್ಕಿಗೂ ಭರಚುಕ್ಕಿಗೂ ನಡುವೆ ಹಲವು ಕಿಲೋಮೀಟರ್ ಸುತ್ತು. ಶ್ರೀರಂಗಪಟ್ಟಣಕ್ಕೆ ಈ ತೊಂದರೆಯಿಲ್ಲ. ರೈಲು ಹಳಿ ಕೋಟೆಯೊಳಗೇ ಹಾದುಹೋಗಿದೆ, ಇಳಿದ ಜಾಗದಿಂದಲೇ ನೋಡುವುದು ಶುರುವಾಗುತ್ತದೆ.

ಮೈಸೂರಿನಿಂದ ಸುಮಾರು 15 ಕಿ.ಮೀ. ಪ್ಯಾಸೆಂಜರ್, ಮೆಮು ರೈಲುಗಳು ಇಲ್ಲಿ ನಿಲ್ಲುತ್ತವೆ. ಶತಾಬ್ದಿ, ವಂದೇ ಭಾರತ್ ನಿಲ್ಲುವುದಿಲ್ಲ. ಎಕ್ಸ್‌ಪ್ರೆಸ್ ಹತ್ತುವುದಾದರೆ ಅದರ ನಿಲುಗಡೆ ಪಟ್ಟಿ ನೋಡಿಕೊಳ್ಳಿ. ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವವರು ಎಡವುವುದು ಬೇರೆ ಕಡೆ. 2023ರಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ತಡೆರಹಿತ ಬಸ್ಸುಗಳು ಬೈಪಾಸ್ ಹಿಡಿದು ಊರಿನ ಹೊರಗಿಂದಲೇ ಹೋಗಿಬಿಡುತ್ತವೆ. ‘ಪಟ್ಟಣದೊಳಗೆ ಹೋಗುತ್ತಾ?’ ಎಂದು ಹತ್ತುವ ಮುಂಚೆಯೇ ಕಂಡಕ್ಟರನ್ನು ಕೇಳಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಮಹಿಳೆಯರಿಗೆ ಸಾಮಾನ್ಯ ಬಸ್ಸು, ವೇಗದೂತಗಳಲ್ಲಿ ಸಿಗುತ್ತದೆ. ರಾಜಹಂಸ, ಎಸಿ ಬಸ್ಸುಗಳಲ್ಲಿ ಇಲ್ಲ.

ಮೊದಲು ರಂಗನಾಥಸ್ವಾಮಿ ದೇವಸ್ಥಾನಕ್ಕೇ ಹೋಗಬೇಕು, ಅದೂ ಬೆಳಿಗ್ಗೆಯೇ. ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕರ ಹೊತ್ತಿಗೆ. ಹನ್ನೆರಡರ ಮೇಲೆ ಬಂದು, ಬಾಗಿಲು ತೆರೆಯುವುದನ್ನೇ ಕಾಯುತ್ತ ಉಳಿದ ಊರನ್ನು ಅರ್ಧಕ್ಕೆ ಬಿಡುವವರು ಬಹಳ. ಶನಿವಾರ, ಭಾನುವಾರ, ಹಬ್ಬದ ದಿನ ದರ್ಶನದ ಸಾಲಿಗೇ ಒಂದು ಗಂಟೆ ಮೀಸಲಿಡಿ.

ಅಲ್ಲಿಂದ ಪೂರ್ವಕ್ಕೆ ನಡೆಯಿರಿ. ಉತ್ತರದ ಕೋಟೆಗೋಡೆಯ ಬಳಿ ಕರ್ನಲ್ ಬೇಲಿಯ ಹೆಸರಿನ ಸೆರೆಮನೆ ಇದೆ: ಕಮಾನು ಚಾವಣಿಯ ತಗ್ಗಿನ ಕೋಣೆ, ಕೈದಿಗಳನ್ನು ಸರಪಳಿಯಲ್ಲಿ ಬಿಗಿಯಲು ಗೋಡೆಯಿಂದ ಹೊರಚಾಚಿದ ತೂತಿನ ಕಲ್ಲುಗಳು. ಬೇಲಿ, ಹೈದರ್-ಟಿಪ್ಪುವಿನ ಸೈನ್ಯ ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷ್ ಸೇನಾಧಿಕಾರಿ. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ. 1799ರ ಮೇ 4ರಂದು ಟಿಪ್ಪುವಿನ ದೇಹ ಸಿಕ್ಕ ಜಾಗವನ್ನೂ, ಎರಡು ಎತ್ತರದ ಮಿನಾರುಗಳ ಜಾಮಾ ಮಸೀದಿಯನ್ನೂ ನೋಡಿದರೆ ಕೋಟೆಯ ಪೂರ್ವದ ಬಾಗಿಲಿಗೆ ಬಂದಿರುತ್ತೀರಿ. ನಿಲ್ದಾಣದ ಹತ್ತಿರದ ಟಿಪ್ಪುವಿನ ಮದ್ದಿನಮನೆಯನ್ನು ರೈಲು ಹಳಿ ಜೋಡಿ ಮಾಡುವಾಗ, 2017ರಲ್ಲಿ, ಕೆಡವದೆ ಇಡಿಯಾಗಿ ಸರಿಸಿ ಕೂರಿಸಿದರು. ರೈಲು ಹಿಡಿಯಲು ಮರಳಿ ಬಂದಾಗ ಅದಕ್ಕೆ ಹತ್ತು ನಿಮಿಷ ಕೊಡಿ.

ಕೋಟೆ ದಾಟಿ ಸುಮಾರು ಒಂದು ಕಿಲೋಮೀಟರ್ ಹೋದರೆ 1784ರಲ್ಲಿ ಕಟ್ಟಿಸಿದ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್. ಇಲ್ಲಿ ಅವಸರ ಬೇಡ. ಪಶ್ಚಿಮದ ಗೋಡೆಯ ಮೇಲಿರುವುದು ಪೊಳ್ಳಿಲೂರು ಯುದ್ಧದ ಚಿತ್ರ. ಸೈನ್ಯದ ನಟ್ಟನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕೂತವನೇ ಬೇಲಿ. ಸೆರೆಮನೆಯನ್ನು ಮೊದಲು ಕಂಡವರಿಗೆ ಈ ಗೋಡೆ ಬೇರೆಯೇ ಆಗಿ ಕಾಣುತ್ತದೆ. ನಡಿಗೆಯ ಕ್ರಮವನ್ನು ತಿರುಗಿಸಬೇಡಿ ಎನ್ನಲು ಇದೇ ಮುಖ್ಯ ಕಾರಣ.

ಇಲ್ಲಿಂದಾಚೆ ಕಾಲನ್ನು ನಂಬಬೇಡಿ, ಆಟೋ ಹಿಡಿಯಿರಿ. ಗಂಜಾಮಿನ ನಿಮಿಷಾಂಬಾ ದೇವಸ್ಥಾನ, ಹೈದರ್ ಮತ್ತು ಟಿಪ್ಪುವಿನ ಸಮಾಧಿಯಿರುವ ಗುಂಬಜ್, ದ್ವೀಪದ ತುದಿಯಲ್ಲಿ ಕಾವೇರಿಯ ಕವಲುಗಳು ಮತ್ತೆ ಕೂಡುವ ಸಂಗಮ ಒಂದೇ ಕಡೆಗಿವೆ. ಸಂಗಮದಲ್ಲಿ ಖಾಲಿ ಆಟೋ ಸಿಗುವುದು ಕಷ್ಟ. ಆದ್ದರಿಂದ ಹೋಗುವುದು, ಕಾಯುವುದು, ಸ್ಟೇಷನ್ನಿಗೆ ತಂದು ಬಿಡುವುದು ಎಲ್ಲ ಸೇರಿಸಿ ಮೊದಲೇ ದರ ಮಾತಾಡಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ಹೊಳೆ ದಿಢೀರನೆ ಏರುತ್ತದೆ. ಮೆಟ್ಟಿಲ ಮೇಲೆ ನಿಂತು ನೋಡಿದರೆ ಸಾಕು, ನೀರಿಗಿಳಿಯಬೇಡಿ.

ರಂಗನತಿಟ್ಟನ್ನು ಇದೇ ದಿನಕ್ಕೆ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದು ಊರಿನ ಇನ್ನೊಂದು ಬದಿಗೆ, ಪಶ್ಚಿಮಕ್ಕಿದೆ. ಹಕ್ಕಿಗಳನ್ನು ಕಾಣಲು ಮುಂಜಾವೇ ಒಳ್ಳೆಯದು, ಹೊಳೆ ತುಂಬಿದಾಗ ದೋಣಿಯೂ ನಿಲ್ಲುತ್ತದೆ. ಚಳಿಗಾಲದ ಮತ್ತೊಂದು ಬೆಳಗನ್ನು ಅದಕ್ಕೇ ಇಟ್ಟುಕೊಳ್ಳಿ. ಇವತ್ತು ಉಳಿದ ಹೊತ್ತಿನಲ್ಲಿ ನದಿಯ ಉತ್ತರ ಕವಲಿಗೆ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡಿ ಬರಬಹುದು. ಸಂಜೆಯ ರೈಲು ತಪ್ಪಿದರೂ ಮೈಸೂರಿನ ಬಸ್ಸುಗಳು ಊರೊಳಗಿನ ನಿಲ್ದಾಣದಲ್ಲೇ ಸಿಗುತ್ತವೆ.