‘ಯಹೂದಿಗಳು ಯಾಕೆ ತಿರುಗಿ ಬೀಳಲಿಲ್ಲ?’

ನಾಜಿ ಕಾಲದ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು. ತಿರುಗಿ ಬಿದ್ದರು, ಪೋಲೆಂಡಿನ ವಾರ್ಸಾದಲ್ಲಿ ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದ್ದ ಘೆಟ್ಟೊವನ್ನೇ ನೋಡಿ. ಆದರೆ ಮುಂದೆ ನಿಂತವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಅವರೇ ಯಾಕೆ ಅನ್ನುವುದರಲ್ಲಿ ಅರ್ಧ ಉತ್ತರವಿದೆ.

1942ರ ಜುಲೈ 22ರಿಂದ ಎರಡೇ ತಿಂಗಳಲ್ಲಿ ಸುಮಾರು 2,65,000 ಜನರನ್ನು ನಾಜಿಗಳು ಅಲ್ಲಿಂದ ಟ್ರೆಬ್ಲಿಂಕಾ ಎಂಬ ಕೊಲೆ ಶಿಬಿರಕ್ಕೆ ಸಾಗಿಸಿದರು. ತಾವಾಗಿ ಬಂದವರಿಗೆ 3 ಕಿಲೊ ಬ್ರೆಡ್ಡು, 1 ಕಿಲೊ ಜಾಮ್ ಎಂದು ಆಸೆ ತೋರಿಸಿದ್ದರು. ಹಸಿದ ಮಕ್ಕಳನ್ನು ಕಟ್ಟಿಕೊಂಡ ತಂದೆ ಏನು ಮಾಡಿಯಾನು?

ಹಶೊಮೆರ್ ಹಾತ್ಸೈರ್, ದ್ರೋರ್, ಅಕಿವಾ ಎಂಬ ಯಹೂದಿ ಯುವ ಸಂಘಟನೆಗಳ ಹುಡುಗರು ಮೊದಲಿನಿಂದಲೂ ಗುಂಪಾಗಿ ಬದುಕಿದವರು. ಯಾರನ್ನು ನಂಬಬಹುದೆಂದು ಗೊತ್ತಿತ್ತು. ಗುಪ್ತ ಕೆಲಸಕ್ಕೆ ಬಂದೂಕಿಗಿಂತ ಮೊದಲು ಬೇಕಾದದ್ದು ಅದೇ. ಊರೂರಿಗೆ ಸುದ್ದಿ, ಸುಳ್ಳು ದಾಖಲೆ ಒಯ್ಯುತ್ತಿದ್ದವರು ಹೆಚ್ಚಾಗಿ ತೋಸಿಯಾ ಆಲ್ಟ್‌ಮನ್‌ಳಂಥ ಹುಡುಗಿಯರು. ಗಂಡಸರಾದರೆ ಸುನ್ನತಿಯೇ ಗುರುತು ಹೇಳಿಬಿಡುತ್ತಿತ್ತು. ಜುಲೈ 28ರಂದು ಈ ಮೂರೂ ಸೇರಿ ಯಹೂದಿ ಹೋರಾಟ ಸಂಘಟನೆ ಕಟ್ಟಿದವು. ಎಡಪಂಥೀಯ ಯಹೂದಿ ಪಕ್ಷ ಬುಂಡ್ ಆಮೇಲೆ ಸೇರಿತು.

ಮೊದಲು ಕೈಗೆ ಬಂದದ್ದು 5 ಪಿಸ್ತೂಲು, 8 ಕೈಬಾಂಬು. ಸೆಪ್ಟೆಂಬರ್ 3ರಂದು ನಾಯಕರಲ್ಲೊಬ್ಬನಾದ ಯೋಸೆಫ್ ಕಪ್ಲಾನ್ ಸೆರೆಯಾದ. ಹೆದರಿ ಆಯುಧಗಳನ್ನು ಬೇರೆ ಮನೆಗೆ ಸಾಗಿಸಹೊರಟರೆ, ದಾರಿಯಲ್ಲೇ ಅವನ್ನು ಒಯ್ಯುತ್ತಿದ್ದ ಹುಡುಗಿಯೂ ಸಿಕ್ಕಿಬಿದ್ದಳು, ಆಯುಧವೂ ಹೋಯಿತು. ಮತ್ತೆ ಸೊನ್ನೆಯಿಂದ ಶುರು. 1943ರ ಜನವರಿಯಲ್ಲಿ ಮೊದಲ ಗುಂಡು ಹಾರಿದ ಮೇಲಷ್ಟೇ ಪೋಲಿಷ್ ಭೂಗತ ಸೇನೆ ಸುಮಾರು 50 ಪಿಸ್ತೂಲು ಕೊಟ್ಟಿತು. ಬೀದಿಯಾಚೆಯ ರೈಫಲ್ಲಿಗೆ ಪಿಸ್ತೂಲು ಯಾವ ಲೆಕ್ಕ? ಹಾಗಾಗಿ ಪೆಟ್ರೋಲ್ ಬಾಟಲಿಗಳನ್ನು ನಂಬಿದರು, ಅಟ್ಟದಿಂದ ಅಟ್ಟಕ್ಕೆ ಗೋಡೆ ಕೊರೆದು ದಾರಿ ಮಾಡಿಕೊಂಡರು.

ಏಪ್ರಿಲ್ 19ರಂದು ಒಳನುಗ್ಗಿದ ಜರ್ಮನ್ನರು ಹಿಮ್ಮೆಟ್ಟಬೇಕಾಯಿತು. ಆದರೆ ಜರ್ಮನ್ ದಂಡನಾಯಕ ಸ್ಟ್ರೂಪ್ ಒಂದೊಂದೇ ಕಟ್ಟಡಕ್ಕೆ ಬೆಂಕಿ ಇಡಿಸಿದಾಗ ಅಟ್ಟದ ದಾರಿಗಳೆಲ್ಲ ಉರಿದುಹೋದವು. ಬದುಕಿ ಉಳಿಯುತ್ತೇವೆಂದು ಎಣಿಸಿರದ ಹುಡುಗರು ನೆಲಮಾಳಿಗೆಯನ್ನೂ ತೋಡಿರಲಿಲ್ಲ, ಪಾರಾಗುವ ದಾರಿಯನ್ನೂ ಹುಡುಕಿರಲಿಲ್ಲ. ನನ್ನ ಮಟ್ಟಿಗೆ ಅವರ ದೊಡ್ಡ ತಪ್ಪು ಇದೇ. ಮೇ 8ರಂದು ಮಿವಾ ಬೀದಿಯ 18ನೇ ನಂಬರಿನ ಅಡಗುತಾಣದಲ್ಲಿ ನಾಯಕ ಮೊರ್ದೆಖಾಯ್ ಅನಿಯೆಲೆವಿಚ್ ಸತ್ತ. ಮೇ 10ರಂದು ಉಳಿದವರು ಚರಂಡಿ ಸುರಂಗದಿಂದ ಪ್ರೋಸ್ತಾ ಬೀದಿಗೆ ಹತ್ತಿ ಬಂದರು, ಹಾಡುಹಗಲಲ್ಲೇ ಲಾರಿ ಏರಿದರು. ಇಕ್ಕಟ್ಟಾಯಿತೆಂದು ಸುರಂಗದ ಪಕ್ಕದ ಕವಲಿಗೆ ಸರಿದಿದ್ದ ಕೆಲವರು ಹಿಂದಿರುಗುವಷ್ಟರಲ್ಲಿ ಲಾರಿ ಹೊರಟುಹೋಗಿತ್ತು.