ಮಾಲ್ಡೀವ್ಸ್ ಬುಕಿಂಗ್: ರೆಸಾರ್ಟ್ ಆಮೇಲೆ, ಮೊದಲು ವಿಮಾನದ ಟೈಮ್ ಹೇಳಿ

ಬೆಂಗಳೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಮಾಲ್ಡೀವ್ಸ್ ಪ್ಯಾಕೇಜ್ ನೋಡಿಕೊಳ್ಳುವುದು ನನ್ನ ಕೆಲಸ. ಬರುವವರಲ್ಲಿ ಹೊಸದಾಗಿ ಮದುವೆಯಾದವರೇ ಜಾಸ್ತಿ. ಫೋನಿನಲ್ಲಿ ಒಂದು ರೀಲ್ಸ್ ತೋರಿಸಿ "ಇದೇ ರೆಸಾರ್ಟ್ ಬೇಕು" ಅನ್ನುತ್ತಾರೆ. ನಾನು ಮೊದಲು ಕೇಳುವುದು ಒಂದೇ: ಮಾಲೆಗೆ, ಅಂದರೆ ಅಲ್ಲಿನ ರಾಜಧಾನಿಗೆ, ಎಷ್ಟು ಗಂಟೆಗೆ ಇಳಿಯುತ್ತೀರಿ?

ದೂರದ ಎಷ್ಟೋ ದ್ವೀಪಗಳಿಗೆ ಸೀಪ್ಲೇನ್‌ನಲ್ಲಿ, ಅಂದರೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ, ಹೋಗಬೇಕು. ಅದು ಹಾರುವುದು ಹಗಲು ಮಾತ್ರ. ಪೈಲಟ್ ಅಲೆ, ಗಾಳಿ, ದೋಣಿ ಎಲ್ಲವನ್ನೂ ಕಣ್ಣಾರೆ ನೋಡಿಕೊಂಡೇ ನೀರಿಗೆ ಇಳಿಸಬೇಕಲ್ವಾ? ಹಾಗಾಗಿ ಮಧ್ಯಾಹ್ನ ಮೂರೂವರೆ ದಾಟಿ ಮಾಲೆಗೆ ಇಳಿದವರಿಗೆ ಆ ದಿನದ ಸೀಪ್ಲೇನ್ ಸಿಗುವುದು ಕಷ್ಟ. ಏರ್‌ಪೋರ್ಟ್ ಹತ್ತಿರದ ಹುಲ್ಹುಮಾಲೆ ದ್ವೀಪದಲ್ಲಿ ರಾತ್ರಿ ಕಳೆಯಬೇಕು. ಅತ್ತ ರೆಸಾರ್ಟಿಗೆ ಕಟ್ಟಿದ ಒಂದು ರಾತ್ರಿಯ ದುಡ್ಡೂ ಹೋಯಿತು. ವಿಮಾನದ ಟೈಮ್ ಬದಲಾಯಿಸಲು ಆಗದವರಿಗೆ ಸ್ಪೀಡ್‌ಬೋಟ್‌ನಲ್ಲಿ ತಲುಪುವ ಹತ್ತಿರದ ರೆಸಾರ್ಟನ್ನೇ ಹೇಳುತ್ತೇನೆ. ಸೀಪ್ಲೇನ್‌ಗೆ ಹೋಗಿಬರುವ ಖರ್ಚು ತಲೆಗೆ 400 ಡಾಲರ್ ದಾಟುವುದು ಮಾಮೂಲು. ರೂಮ್ ಅಗ್ಗ ಅಂತ ಖುಷಿಪಡುವ ಮುಂಚೆ ಅದನ್ನೂ ಕೂಡಿಸಿ ನೋಡಿ.

ಹುಡುಗಿಯ ಅಪ್ಪ ಒಬ್ಬರು, ಬ್ಯಾಂಕಿನಿಂದ ನಿವೃತ್ತರಾದವರು, ವೋಚರ್ ಹಿಡಿದುಕೊಂಡೇ ಫೋನ್ ಮಾಡಿದ್ದರು.

"ಏನ್ ಮೇಡಂ, ಸೀಪ್ಲೇನ್ ಎದುರಿಗೆ ಟೈಮೇ ಹಾಕಿಲ್ವಲ್ಲ?"

"ಅದು ಹಿಂದಿನ ಸಂಜೆ ಗೊತ್ತಾಗುತ್ತೆ ಸಾರ್. ಮರುದಿನ ಯಾವ ರೆಸಾರ್ಟಿಗೆ ಎಷ್ಟು ಜನ ಅಂತ ನೋಡಿ ರೂಟ್ ಹಾಕ್ತಾರೆ. ದಾರಿಯಲ್ಲಿ ಬೇರೆ ರೆಸಾರ್ಟಿನವರನ್ನೂ ಇಳಿಸಬಹುದು."

"ಅಂದ್ರೆ ನಮ್ಮ ಬಿಎಂಟಿಸಿ ತರ?"

"ಹೂಂ ಸಾರ್."

ಅವರು ನಕ್ಕು ಫೋನಿಟ್ಟರು. ಅಂದಿನಿಂದ ಇದನ್ನು ದುಡ್ಡು ಕಟ್ಟಿಸಿಕೊಳ್ಳುವ ಮುಂಚೆಯೇ ಹೇಳಿಬಿಡುತ್ತೇನೆ. ಎರಡು ಮೂರು ಗಂಟೆ ಕಾಯಬೇಕಾಗಬಹುದು ಅಂತ ಮೊದಲೇ ಗೊತ್ತಿದ್ದವರು ಲೌಂಜಿನಲ್ಲಿ ಆರಾಮಾಗಿ ಕೂರುತ್ತಾರೆ. ಗೊತ್ತಿಲ್ಲದವರು ಅಲ್ಲಿಂದಲೇ ನನಗೆ ಫೋನ್ ಮಾಡುತ್ತಾರೆ.

ಇನ್ನು ಲಗೇಜ್. ಹೆಚ್ಚಾಗಿ ಹಾರುವುದು ಟ್ವಿನ್ ಆಟರ್ ಅನ್ನುವ ವಿಮಾನ. ಹದಿನೈದರ ಆಸುಪಾಸು ಸೀಟು, ಚಕ್ರದ ಜಾಗದಲ್ಲಿ ಉದ್ದನೆಯ ಎರಡು ತೇಲುಪಟ್ಟಿ. ಒಬ್ಬರಿಗೆ ಸಾಮಾನ್ಯವಾಗಿ 20 ಕಿಲೋ ಬ್ಯಾಗು, ಕೈಯಲ್ಲಿ 5 ಕಿಲೋ. ಅದಕ್ಕಿಂತ ಜಾಸ್ತಿಯಾದರೆ ಕಿಲೋ ಲೆಕ್ಕದಲ್ಲಿ ದುಡ್ಡು. ಜಾಗ ಇಲ್ಲದಿದ್ದರೆ ಬ್ಯಾಗು ಮುಂದಿನ ವಿಮಾನದಲ್ಲಿ ಬರುತ್ತದೆ. ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಮದುವೆಗೆ ಉಡುಗೊರೆ ಬಂದ ಆ ದೊಡ್ಡ ಗಟ್ಟಿ ಸೂಟ್‌ಕೇಸ್ ಮನೆಯಲ್ಲೇ ಇರಲಿ, ಖಾಲಿ ಇದ್ದರೂ ಅದು ನಾಲ್ಕೈದು ಕಿಲೋ ತೂಗುತ್ತದೆ. ಡ್ಯೂಟಿ ಫ್ರೀ ಬಾಟಲಿಯೂ ಬೇಡ. ಮಾಲೆ ಕಸ್ಟಮ್ಸ್‌ನವರು ಅದನ್ನು ಇಟ್ಟುಕೊಳ್ಳುತ್ತಾರೆ.

ಟ್ರಾವೆಲ್ ಏಜೆಂಟರಿಗೆ ಜಾಗ ತೋರಿಸಲು ಕರೆದೊಯ್ಯುವ ಫ್ಯಾಮ್ ಟ್ರಿಪ್‌ನಲ್ಲಿ ನಾನೂ ಸೀಪ್ಲೇನ್‌ನಲ್ಲಿ ಕೂತು ಬಂದಿದ್ದೇನೆ. ಪೈಲಟ್‌ಗಳು ಬರಿಗಾಲಲ್ಲಿದ್ದರು! ಒಳಗೆ ಎಸಿ ಇಲ್ಲ, ಟಾಯ್ಲೆಟ್ ಇಲ್ಲ. ಇಂಜಿನ್ ಸದ್ದು ಎಷ್ಟೆಂದರೆ ಕಿವಿಗೆ ಇಟ್ಟುಕೊಳ್ಳಲು ಪ್ಲಗ್ ಕೊಡುತ್ತಾರೆ. ಇಳಿದ ಮೇಲೆ ಒಬ್ಬ ಸಿಬ್ಬಂದಿ ತೇಲುಪಟ್ಟಿಯ ಮೇಲೆ ನಿಂತು, ನೀರಲ್ಲಿ ತೇಲುವ ಸಣ್ಣ ಕಟ್ಟೆಗೆ ಹಗ್ಗ ಬಿಗಿದ. ನಾವು ಆ ಕಟ್ಟೆಗೆ ಹೆಜ್ಜೆ ಇಟ್ಟು ದೋಣಿ ಹತ್ತಿದೆವು. ಮಂಡಿನೋವಿನ ಅಜ್ಜಿ ಜೊತೆಗಿದ್ದಾರೆ ಅಂದರೆ ಇದನ್ನೆಲ್ಲ ಬಿಡಿಸಿ ಹೇಳುತ್ತೇನೆ. ಸುಮ್ನೆ ಕೆಳಗಿನ ಹವಳದ ಬಣ್ಣ ಒಂದನ್ನೇ ಹೇಳಿ ಮಾರುವುದು ನನಗೆ ಆಗದು. ಬಣ್ಣ ನಿಜಕ್ಕೂ ಚೆಂದ, ಅದು ಬೇರೆ ಮಾತು.

ವಾಪಸ್ ಬರುವ ದಿನಕ್ಕೂ ಎರಡು ಮಾತು. ಮಾಲೆ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಕೆಲವು ರೆಸಾರ್ಟ್‌ಗಳು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದೆ ಇಟ್ಟುಕೊಂಡಿರುತ್ತವೆ. ಪಿಕಪ್ ಟೈಮ್ ಹೇಳಿದಾಗ ಯಾವ ಗಡಿಯಾರದ್ದು ಅಂತ ಕೇಳಿ. ಸ್ಕೂಬಾ ಮಾಡುವ ಆಸೆ ಇದ್ದರೆ ಮೊದಲ ದಿನಗಳಲ್ಲೇ ಮುಗಿಸಿ. ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಅನ್ನುತ್ತಾರೆ, ಸೀಪ್ಲೇನ್ ಕೂಡ ವಿಮಾನವೇ.